ಕೆಳಗಿನ ಮನೆಯವಳು

ಮೇಲಿನ ಮನೆಗೆ ಬೋರ್ಡು ಹಾಕ್ತಾರಂತೆ.
ಕನ್ನಡಕದ ಹುಡುಗ ಬಂದು ಮೊಬೈಲು ಮುಂದೆ ಹಿಡಿದ:
"ಅಜ್ಜಿ, ನೀವು ಅವರನ್ನೆಲ್ಲ ನೋಡಿದ್ದೀರಲ್ಲ?"
ನೋಡಿದ್ದು ಕಡಿಮೆ ಕಣಪ್ಪ.
ಅವರ ನೆಲ ನನ್ನ ತಲೆ ಮೇಲಿತ್ತು, ಅಷ್ಟೇ.

ಚೌಕಿಪೇಟೆಯ ಈ ಸಂದಿಯಲ್ಲಿ ಆಗ ಹತ್ತಿ ಹಾರೋದು,
ಮೂಗಿನಲ್ಲಿ ಹತ್ತಿ, ಮಜ್ಜಿಗೆಯಲ್ಲಿ ಹತ್ತಿ.
ನಮ್ಮ ಯಜಮಾನರದು ಮಿಲ್ಲಿನಲ್ಲಿ ಮೂರನೇ ಪಾಳಿ.
ಬೆಳಗ್ಗೆ ಬಂದು ಒಗ್ಗರಣೆ ಮಂಡಕ್ಕಿ ತಿಂದು
ಗೋಡೆ ಕಡೆ ಮುಖ ಮಾಡಿ ಮಲಗಿದರು ಅನ್ನುವಾಗ
ಮೇಲೆ ಶುರು.
ಮೊದಲು ತಂಬೂರಿ, ದೂರದ ಹೆಜ್ಜೇನಿನ ಹಾಗೆ.
ಆಮೇಲೆ ದಸ್ತಗೀರಸಾಬರ ಸುತ್ತಿಗೆ,
ತಬಲ ಶ್ರುತಿ ಮಾಡೋದು, ಠಕ್ ಠಕ್, ಅರ್ಧ ತಾಸು.
ಜಂತಿಯಿಂದ ಮಣ್ಣುದುರಿ ಸಾರಿಗೆ ಬೀಳೋದು.

ಬಟ್ಟೆ ಹಾಕೋ ಗಳ ತಗೊಂಡು ಕುಟ್ಟಿದೆ.
ನಿಲ್ಲಿಸಿದರು.
ಮತ್ತೆ ಶುರು. ಮತ್ತೆ ಕುಟ್ಟಿದೆ.
"ಇದರಲ್ಲಿ ಯಾರದು ಸದ್ದು ಜಾಸ್ತಿ?" ಅಂದರು ಯಜಮಾನರು, ಗೋಡೆಗೆ.
ಹೀಗೆ ಹನ್ನೆರಡು ವರ್ಷ.

ದೊಡ್ಡವರು, ಹೌದು.
ಉಚ್ಚಂಗಿ ಚಂದ್ರವ್ವನ ಹಾಡು ತಟ್ಟೆಯಲ್ಲಿ ಬಂದಿತ್ತು,
ರೇಡಿಯೋದಲ್ಲಿ ಪಿಟೀಲು ಸಂಗಯ್ಯನ ಹೆಸರು ಕೂಗಿದರೆ
ಮೂಲೆ ಹೋಟೆಲಿನವನು ದೋಸೆ ಬಿಟ್ಟು ಕಿವಿ ತಿರುವೋನು.
ಜರತಾರಿ ರುಮಾಲಿನವರು ಜಟಕಾದಿಂದ ಇಳಿದರೆ
ಓಣಿ ಹುಡುಗರೆಲ್ಲ ನಮ್ಮ ಕಟ್ಟೆ ಮೇಲೆ.

ನನಗೆ ಗೊತ್ತಿದ್ದದ್ದು ಬೇರೆ.
ಮಗಳಿಂದ ಕಾಗದ ಬಂದ ದಿನ
ಸಂಗಯ್ಯನ ಎಡ ಹಿಮ್ಮಡಿ ತಾಳ ತಪ್ಪೋದು.
ಚಂದ್ರವ್ವ ರಾತ್ರಿ ಎರಡಕ್ಕೆ ಎದ್ದು
ಹದಿನೇಳು ಹೆಜ್ಜೆ ಆ ಕಡೆ, ಹದಿನೇಳು ಈ ಕಡೆ,
ಕೆಮ್ಮನ್ನ ಸೆರಗಲ್ಲಿ ಹಿಡಿದು.
ಬಾಡಿಗೆಗೆ ಶೆಟ್ರು ಮೆಟ್ಟಿಲು ಹತ್ತಿದರೆ
ಇಡೀ ಮೇಲಿನ ಮನೆ ಉಸಿರು ಕಟ್ಟೋದು.
ಅಂಥ ಮೌನ ನಾನು ಯಾವ ಗುಡಿಯಲ್ಲೂ ಕೇಳಿಲ್ಲ.

ಮಿಲ್ಲಿನ ಭೋಂಗಾ ಕೂಗಿದಾಗ ಒಂದ್ಸಲ
ಚಂದ್ರವ್ವ ಬಚ್ಚಲ ಕಿಂಡಿಯಿಂದ ಹೇಳಿದಳು:
"ಕೊಟ್ರಮ್ಮ, ನಿಮ್ಮ ಮಿಲ್ಲು ಕಪ್ಪು ಎರಡಕ್ಕೆ
ಕೂದಲೆಳೆಯಷ್ಟು ಕಮ್ಮಿ ಐತೆ,
ನಿಮ್ಮವರಿಗೆ ಹೇಳಿ ಸರಿ ಮಾಡಿಸು."
ಹೇಳಿದೆ. ಅವರು ಮಗ್ಗುಲು ಬದಲಿಸಿದರು.

ಒಂದು ಮಧ್ಯಾಹ್ನ ದಸ್ತಗೀರಸಾಬರು ಇಳಿದು ಬಂದರು,
ಚಪ್ಪಲಿ ಬಿಟ್ಟು ಹೊಸ್ತಿಲಾಚೆ ನಿಂತರು.
ಜಗಳಕ್ಕೇ ಅಂತ ನಾನು ಸೆರಗು ಸಿಕ್ಕಿಸಿದೆ.
"ತಾಯಿ, ನೀವು ಕುಟ್ಟೋದು
ಯಾವಾಗಲೂ ಸಮ್ಮಿಗೇ ಬೀಳ್ತದೆ.
ಎಲ್ಲಿ ಕಲಿತಿರಿ?"
"ಸಿಟ್ಟಿನಲ್ಲಿ" ಅಂದೆ.
ನಕ್ಕರು, ಬಾಯೆಲ್ಲ ಎಲೆಯಡಿಕೆ ಕೆಂಪು.
"ನಮ್ಮ ಹುಡುಗರಿಗೆ ಅದೊಂದು ಕಡಿಮೆ."

ಅವತ್ತಿಂದ ಕುಟ್ಟೋದು ಕಷ್ಟ ಆಯ್ತು.
ಗಳ ಎತ್ತುವಾಗಲೇ ಒಳಗೆ ಎಣಿಕೆ,
ಎಲ್ಲಿ ತಪ್ಪೀತೋ ಅಂತ ಭಯ.
ಒಂದ್ಸಲ ಬೇಕಂತಲೇ ತಪ್ಪಿ ಕುಟ್ಟಿದೆ.
ಮೇಲೆ ಎಲ್ಲ ಕೂಡಿ ನಕ್ಕರು.
ಯಜಮಾನರೂ, ಕಣ್ಣು ಮುಚ್ಚಿಕೊಂಡೇ.

ಆಮೇಲೆ ಏನು, ಮಿಲ್ಲು ನಿಂತಿತು.
ಸಾಬರು ಹೋದರು. ಸಂಗಯ್ಯ ಮಗಳ ಊರಿಗೆ.
ಚಂದ್ರವ್ವನ ತಂಬೂರಿ ಇಳಿಸುವಾಗ
ಮೆಟ್ಟಿಲ ತಿರುವಿನಲ್ಲಿ ಬುರುಡೆ ಗೋಡೆಗೆ ತಾಗಿತು.
ಅವಳು ತಿರುಗಿ ನೋಡಲಿಲ್ಲ, ಗೋಡೆ ಸವರಿದಳು,
ಗೋಡೆಗೇ ಪೆಟ್ಟಾಯಿತೇನೋ ಅನ್ನುವ ಹಾಗೆ.
ಟ್ಯೂಷನ್ನಿನವರು ಬಂದರು, ಎಲ್‌ಐಸಿಯವರು ಬಂದರು.
ಈಗ ಮೊಬೈಲ್ ಕವರಿನ ಗೋಡೌನು.
ಡಬ್ಬಗಳು ಓಡಾಡೋದಿಲ್ಲ ನೋಡು,
ನನಗೆ ನಿದ್ದೆ ಹತ್ತೋದಿಲ್ಲ.

"ಹೆಚ್ಚಾಗಿ ಯಾವ ರಾಗ ಹಾಡ್ತಿದ್ದರು, ಅಜ್ಜಿ?"
ಹೆಸರು ನನಗೆ ಯಾರು ಹೇಳಿದ್ದರು?
ಟಾರ್ಚು ಹಾಕು. ಮೇಲೆ ನೋಡು,
ಒಲೆಯಿಂದ ಮೂರನೇ ಜಂತಿ.
ಸಾಗುವಾನಿ ಅದು, ಆದರೂ ಗುಳಿ ಬಿದ್ದೈತೆ
ಅಂಗೈಯಗಲ, ಒಂದೇ ಜಾಗದಲ್ಲಿ.
ಹುಡುಗ ಕುರ್ಚಿ ಹತ್ತಿ ಬೆರಳಿಟ್ಟು ನೋಡಿದ,
ಫೋಟೋ ತೆಗೆದ.
"ಪಕ್ಕದ ಜಂತಿಯಲ್ಲೂ ಒಂದಿದೆಯಲ್ಲ, ಸಣ್ಣದು?"

ಅದು ಬೇಕಂತಲೇ ತಪ್ಪಿದ್ದು.